ಕಬ್ಬಿನ ನಾಡಿನ ಸೊಂಟದಳತೆ

ವಿಜಯಪುರ, ಕಲಬುರಗಿ ಕಡೆಯಿಂದ ಪುಣೆಗೆ ಹೊರಟ ಬಸ್ಸು ಸೊಲ್ಲಾಪುರ ಬಿಟ್ಟು, ಟೆಂಭುರ್ಣಿ ದಾಟಿ, ಭೀಮೆಯ ಸೇತುವೆ ಹಾಯ್ದರೆ ಇಂದಾಪುರ ತಾಲ್ಲೂಕು. ಪುಣೆ ಜಿಲ್ಲೆ ಶುರುವಾಗುವುದೇ ಇಲ್ಲಿಂದ. ರಸ್ತೆಯ ಎರಡೂ ಬದಿಗೆ ಕಬ್ಬು, ನಡುನಡುವೆ ದಾಳಿಂಬೆ, ಪೇರಲ. ಬೇಸಿಗೆಯಾದರೆ ಅಲ್ಲಲ್ಲಿ ಕಬ್ಬಿನ ಹಾಲು ಮಾರುವ ರಸವಂತಿ ಗೃಹ. ಗಾಣದ ಗಾಲಿಗೆ ಕಟ್ಟಿದ ಗೆಜ್ಜೆ ಝಲ್ ಝಲ್ ಅನ್ನುವಾಗ ಬಿಸಿಲಲ್ಲಿ ಬಂದವರಿಗೆ ಬೇರೇನೂ ಬೇಕೆನಿಸುವುದಿಲ್ಲ. ಆದರೆ ಕಬ್ಬಿನ ಹಾಲಿನ ಪ್ರತಿ 100 ಮಿಲಿಲೀಟರಿಗೆ 13ರಿಂದ 15 ಗ್ರಾಂ ಸಕ್ಕರೆ ಇರುತ್ತದೆ. ದೊಡ್ಡ ಗ್ಲಾಸೊಂದರಲ್ಲಿ ಸುಮಾರು 35 ಗ್ರಾಂ ಆಯಿತು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿ, ದಿನವಿಡೀ ಸೇರಿಸಿ ಸಕ್ಕರೆ 25 ಗ್ರಾಂ ಮೀರಬಾರದು ಎನ್ನುತ್ತದೆ. ಕಬ್ಬಿನ ಹಾಲನ್ನು ಹೆಸರು ಹಿಡಿದೇ ಅದು ಎಚ್ಚರಿಸಿದೆ.

ರಸವಂತಿಯ ಮೇಲೆ ನನಗೇನೂ ಹಗೆಯಿಲ್ಲ. ವರ್ಷಕ್ಕೆ ನಾಲ್ಕು ಗ್ಲಾಸು ಕುಡಿದವನಿಗೆ ಬೊಜ್ಜು ಬರುವುದಿಲ್ಲ. ಈ ನಾಡಿನಲ್ಲಿ ಹೊಟ್ಟೆ ಮುಂದೆ ಬರುವ ಬಗೆ ಬೇರೆಯೇ ಇದೆ. ಅದನ್ನು ಸರಿಯಾಗಿ ಕಂಡುಹಿಡಿದವರೂ ಇದೇ ಪುಣೆಯವರು.

ಬೊಜ್ಜು ಅಂದಾಕ್ಷಣ ನಮ್ಮ ಕಣ್ಣಮುಂದೆ ಬರುವುದು ಕುರ್ಚಿಯಲ್ಲಿ ಹಿಡಿಸದಷ್ಟು ದಪ್ಪಗಿರುವ ಮನುಷ್ಯ. ಇಂದಾಪುರದ ಬಸ್ ನಿಲ್ದಾಣದಲ್ಲೋ ನಮ್ಮ ಇಂಡಿ, ಜಮಖಂಡಿಯ ಸಂತೆಯಲ್ಲೋ ಅಂಥವರು ಸಿಗುವುದು ಅಪರೂಪ. ಕಾಣುವವರು ಬೇರೆ ತರಹದವರು. ಕೈಕಾಲು ಸಣಕಲು, ಮುಖದಲ್ಲಿ ಕೆನ್ನೆಯ ಎಲುಬು ಎದ್ದು ಕಾಣುತ್ತದೆ, ಅಂಗಿಯ ನಾಲ್ಕನೇ ಗುಂಡಿ ಮಾತ್ರ ಜಗ್ಗಿಕೊಂಡಿರುತ್ತದೆ. ಇವರನ್ನು ನೀವು ದಪ್ಪ ಎನ್ನಲಾರಿರಿ. ಅವರೂ ಒಪ್ಪುವುದಿಲ್ಲ. ‘ಹಂಗೇನಿಲ್ರೀ, ವಯಸ್ಸಾತಲ್ಲ, ಸ್ವಲ್ಪ ಹೊಟ್ಟಿ ಬಂದೈತಿ’ ಅಂದು ಸುಮ್ಮನಾಗುತ್ತಾರೆ.

ಪುಣೆಯ ಕೆಇಎಂ ಆಸ್ಪತ್ರೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ ಅವರು ಲಂಡನ್ನಿನ ವೈದ್ಯ ಜಾನ್ ಯುಡ್ಕಿನ್ ಜೊತೆ ನಿಂತ ಒಂದು ಚಿತ್ರ 2004ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಅಚ್ಚಾಯಿತು. ಇಬ್ಬರ ತೂಕವನ್ನೂ ಎತ್ತರಕ್ಕೆ ಹೊಂದಿಸಿ ಲೆಕ್ಕ ಹಾಕಿದರೆ ಬರುವ ಬಿಎಂಐ ಒಂದೇ, 22.3. ವೈದ್ಯಕೀಯ ಪುಸ್ತಕದ ಪ್ರಕಾರ ಇಬ್ಬರೂ ಹದವಾದ ಮೈಯವರು. ಮೈಯೊಳಗಿನ ಕೊಬ್ಬನ್ನು ಯಂತ್ರದಲ್ಲಿ ಅಳೆದಾಗ ಯುಡ್ಕಿನ್ ಅವರದು ನೂರಕ್ಕೆ 9.1, ಯಾಜ್ಞಿಕ್ ಅವರದು 21.2. ಅದೇ ಬಿಎಂಐ, ಎರಡು ಪಟ್ಟಿಗೂ ಹೆಚ್ಚು ಕೊಬ್ಬು. ತಕ್ಕಡಿಗೆ ತಿಳಿಯುವುದು ಭಾರ ಮಾತ್ರ. ಅದರಲ್ಲಿ ಸ್ನಾಯು ಎಷ್ಟು, ಕೊಬ್ಬು ಎಷ್ಟು ಎಂಬುದು ಅದಕ್ಕೆ ತಿಳಿಯದು.

ಈ ಮೈಕಟ್ಟು ಹುಟ್ಟಿನಿಂದಲೇ ಬಂದದ್ದು ಎಂದು ತೋರಿಸಿದ್ದು ಯಾಜ್ಞಿಕ್ ಅವರದೇ ತಂಡ. 1993ರಿಂದ ಪುಣೆಯ ಹತ್ತಿರದ ಆರು ಹಳ್ಳಿಗಳಲ್ಲಿ ಬಸುರಿಯಾಗುವ ಮೊದಲೇ ಹೆಣ್ಣುಮಕ್ಕಳನ್ನು ಅಳೆದು, ಹೆರಿಗೆಯಾದ ಮೇಲೆ ಕೂಸುಗಳನ್ನು ಅಳೆದರು. ತಾಯಂದಿರ ಸರಾಸರಿ ತೂಕ 42 ಕಿಲೊದ ಆಸುಪಾಸು. ಹೆಚ್ಚಿನವರು ಹೊಲ, ಮನೆ ಎರಡರಲ್ಲೂ ದುಡಿಯುವವರು. ಕೂಸುಗಳ ತೂಕ ಸರಾಸರಿ 2.7 ಕಿಲೊ, ಇಂಗ್ಲೆಂಡಿನ ಸೌತಾಂಪ್ಟನ್ನಿನ ಕೂಸುಗಳದು 3.5. ನಮ್ಮ ಕೂಸಿನಲ್ಲಿ ಎಲ್ಲವೂ ಕಡಿಮೆ. ಹೊಟ್ಟೆಯ ಅಂಗಗಳು ಸಣ್ಣವು, ತೋಳಿನ ಸ್ನಾಯು ಸಣ್ಣದು. ಬೆನ್ನ ಮೇಲಿನ, ಚರ್ಮದಡಿಯ ಕೊಬ್ಬು ಮಾತ್ರ ಅಷ್ಟಾಗಿ ಕಡಿಮೆಯಾಗಿರಲಿಲ್ಲ. ಬಸಿರಿನಲ್ಲಿ ಅನ್ನ ಸಾಲದ ಕೂಸು ಸ್ನಾಯುವನ್ನು ಕಳೆದುಕೊಂಡು ಕೊಬ್ಬನ್ನು ಉಳಿಸಿಕೊಂಡು ಬರುತ್ತದೆ. ಬರಗಾಲಕ್ಕೆ ಇದು ಒಳ್ಳೆಯ ತಯಾರಿ. ಬರಗಾಲ ಬಾರದೆ ಕಬ್ಬಿನ ಬಿಲ್ಲು ಬಂದರೆ ಇದೇ ಮೈಗೆ ಕಷ್ಟ.

ಕೊಬ್ಬು ಎಲ್ಲಿ ಕೂರುತ್ತದೆ ಎಂಬುದೂ ಮುಖ್ಯ. ತೊಡೆ, ಕುಂಡೆಯ ಕೊಬ್ಬು ಹೆಚ್ಚು ತಂಟೆ ಮಾಡುವುದಿಲ್ಲ. ಹೊಟ್ಟೆಯ ಒಳಗೆ ಕರುಳಿನ ಸುತ್ತ ತುಂಬಿಕೊಳ್ಳುವ ಕೊಬ್ಬಿನಿಂದ ಹೊರಟ ರಕ್ತ ನೇರವಾಗಿ ಯಕೃತ್ತಿಗೆ ಹೋಗುತ್ತದೆ. ಅಲ್ಲಿ ಕೊಬ್ಬು ಸೇರಿ ‘ಫ್ಯಾಟಿ ಲಿವರ್’ ಆಗುತ್ತದೆ. ಯಕೃತ್ತು ಇನ್ಸುಲಿನ್ನಿನ ಮಾತು ಕೇಳುವುದನ್ನು ಬಿಡುತ್ತದೆ, ಮೇದೋಜೀರಕ ಗ್ರಂಥಿ ಮತ್ತಷ್ಟು ಇನ್ಸುಲಿನ್ ಸುರಿಯುತ್ತದೆ, ಒಂದು ದಿನ ಸೋಲುತ್ತದೆ. ಸಕ್ಕರೆ ಕಾಯಿಲೆ ಗೊತ್ತಾಗುವುದು ಆ ದಿನ. ಶುರುವಾದದ್ದು ಹತ್ತು ವರ್ಷ ಹಿಂದೆ, ಸೊಂಟದಲ್ಲಿ.

ಹಾಗಾಗಿ ನಮ್ಮವರಿಗೆ ಬಿಎಂಐ 23 ದಾಟಿದರೆ ತೂಕ ಹೆಚ್ಚು, 25 ದಾಟಿದರೆ ಬೊಜ್ಜು ಎಂದು ಲೆಕ್ಕ. ಯುರೋಪಿನವರ ಲೆಕ್ಕದಲ್ಲಿ ಬೊಜ್ಜು 30ಕ್ಕೆ ಶುರು. ಸೊಂಟ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ದಾಟಬಾರದು. ಅಳೆಯುವುದೂ ಸುಲಭವಿದೆ. ಪಕ್ಕೆಲುಬಿನ ಕೊನೆ ಮತ್ತು ಸೊಂಟದ ಎಲುಬಿನ ಮೇಲ್ತುದಿ, ಇವೆರಡರ ನಡುವೆ ಟೇಪು ಸುತ್ತಿ, ಉಸಿರು ಬಿಟ್ಟು ನೋಡಬೇಕು. ಪ್ಯಾಂಟಿನ ಸೈಜನ್ನು ನಂಬಬಾರದು. ಹೊಟ್ಟೆ ಬಂದ ಹಾಗೆಲ್ಲ ಗಂಡಸು ಪ್ಯಾಂಟನ್ನು ಹೊಟ್ಟೆಯ ಕೆಳಗೆ ಇಳಿಸುತ್ತ ಹೋಗುತ್ತಾನೆ. ಹತ್ತು ವರ್ಷದಿಂದ ‘ನನ್ನದು 34’ ಎನ್ನುವವನ ಹೊಕ್ಕುಳ ಮಟ್ಟದಲ್ಲಿ ಟೇಪು ಹಿಡಿದು ನೋಡಿ, 40 ಇಂಚು ಸಿಗುತ್ತದೆ.

ಇನ್ನು ಊಟದ ಕಡೆ ಬರೋಣ. ಇಂದಾಪುರ ಮೂಲತಃ ಮಳೆ ಕಡಿಮೆಯ, ಹಿಂಗಾರಿ ಜೋಳದ ನಾಡು. ಪಕ್ಕದ ಸೊಲ್ಲಾಪುರ ಜಿಲ್ಲೆಯ ಮಂಗಳವೇಢೆ, ಬಸವಣ್ಣನವರು ಇದ್ದ ನಮ್ಮ ಮಂಗಳವಾಡ, ಅಲ್ಲಿನ ಜೋಳಕ್ಕೆ ಭೌಗೋಳಿಕ ಗುರುತಿನ ಮುದ್ರೆಯೂ ಸಿಕ್ಕಿದೆ. ಮಾಲದಂಡಿ ಜೋಳ ಎಂದರೆ ಪುಣೆಯಿಂದ ರಾಯಚೂರಿನವರೆಗೆ ಒಂದೇ ರುಚಿ. ನೀರಾ ಕಾಲುವೆಯ ನೀರಿನ ಜೊತೆ ಕಬ್ಬು ಬಂತು. ಸೊಲ್ಲಾಪುರದಲ್ಲಿ ಹುಟ್ಟಿದ ಉದ್ಯಮಿ ವಾಲ್‌ಚಂದ್ ಹೀರಾಚಂದ್ 1930ರ ದಶಕದಲ್ಲಿ ಕಳಂಬದ ಬಳಿ ಸಕ್ಕರೆ ಕಾರ್ಖಾನೆ ಹಾಕಿದರು, ಅದೇ ಇಂದಿನ ವಾಲ್‌ಚಂದ್‌ನಗರ. 1980ರಲ್ಲಿ ಉಜನಿ ಅಣೆಕಟ್ಟೆ ಮುಗಿದ ಮೇಲೆ ಹಿನ್ನೀರು ತಾಲ್ಲೂಕಿನ ಅಂಚಿಗೇ ಬಂದು ನಿಂತಿತು. ಭವಾನಿನಗರದ ಛತ್ರಪತಿ, ಬಿಜವಡಿಯ ಕರ್ಮಯೋಗಿ, ನೀರಾ-ಭೀಮಾ ಹೀಗೆ ಸಹಕಾರಿ ಕಾರ್ಖಾನೆಗಳು. ಕೃಷ್ಣೆಯ ಕಡೆ ನಮ್ಮ ಮುಧೋಳ, ಜಮಖಂಡಿಗಳಲ್ಲೂ ಇದೇ ಕಥೆ, ಹೆಸರು ಮಾತ್ರ ಬೇರೆ.

ಕಬ್ಬಿನಿಂದ ಬಡತನ ಹೋಯಿತು, ಅದನ್ನು ಯಾರೂ ಅಲ್ಲಗಳೆಯಬಾರದು. ಜೊತೆಗೆ ಮೈಮುರಿಯುವ ಕೆಲಸವೂ ಹೋಯಿತು. ಇಪ್ಪತ್ತು ಎಕರೆ ನೀರಾವರಿ ಇರುವ ರೈತನೊಬ್ಬನ ದಿನವನ್ನು ಊಹಿಸಿಕೊಳ್ಳಿ. ಬೆಳಿಗ್ಗೆ ಚಹಾ, ಜೊತೆಗೆ ನಾಲ್ಕು ಖಾರಿ. ಒಂಬತ್ತಕ್ಕೆ ಅವಲಕ್ಕಿ, ಮೇಲೆ ಸೇವು, ಚಹಾ. ಬೈಕಿನಲ್ಲಿ ತೋಟ. ಪಂಪಿನ ಸ್ಟಾರ್ಟರ್ ಮೊಬೈಲಿನಿಂದಲೇ ಚಾಲೂ ಆಗುವುದರಿಂದ ಅಲ್ಲಿಯೂ ಇಳಿಯುವ ಕೆಲಸವಿಲ್ಲ. ಚಹಾ. ಕಾರ್ಖಾನೆಯ ಆಫೀಸಿನಲ್ಲಿ ಚಹಾ. ಮಧ್ಯಾಹ್ನ ಚಪಾತಿ, ಬಟಾಟೆ ಪಲ್ಯ, ಅನ್ನ, ಸಾರು. ಸಂಜೆ ಚೌಕದಲ್ಲಿ ವಡಾಪಾವ್, ಮತ್ತೆ ಚಹಾ. ರಾತ್ರಿ ಹತ್ತಕ್ಕೆ ಇನ್ನೊಂದು ಊಟ. ಐದು ಕಪ್ ಚಹಾದಲ್ಲಿ ಎರಡೆರಡು ಚಮಚ ಸಕ್ಕರೆ ಎಂದರೆ 50 ಗ್ರಾಂ, 200 ಕ್ಯಾಲರಿ. ವರ್ಷಕ್ಕೆ 73,000. ಕಾಗದದ ಲೆಕ್ಕದಲ್ಲಿ ಸುಮಾರು 9 ಕಿಲೊ ಕೊಬ್ಬಿಗೆ ಸಮ. ಮೈ ಕಾಗದದಂತೆ ಲೆಕ್ಕ ಇಡುವುದಿಲ್ಲ, ಅಷ್ಟೆಲ್ಲ ಏರುವುದೂ ಇಲ್ಲ. ಆದರೂ ‘ನಾನು ಊಟ ಮಾಡೋದೇ ಕಮ್ಮಿ’ ಎನ್ನುವವನ ಹೊಟ್ಟೆ ಎಲ್ಲಿಂದ ಬಂತೆಂದು ಕೇಳಿದರೆ ಉತ್ತರ ಈ ಬಸಿ-ಕಪ್ಪಿನಲ್ಲಿದೆ.

ಈಚೆಗೆ ಹೆದ್ದಾರಿಯುದ್ದಕ್ಕೂ ‘ಗುಳಾಚಾ ಚಹಾ’ದ ಅಂಗಡಿಗಳು ಎದ್ದಿವೆ. ಬೆಲ್ಲದ ಚಹಾ, ಆರೋಗ್ಯಕ್ಕೆ ಒಳ್ಳೆಯದು ಎಂಬ ಫಲಕ. ಬೆಲ್ಲದ ರುಚಿ ಸಕ್ಕರೆಗಿಲ್ಲ, ಒಪ್ಪಿದೆ. ಕ್ಯಾಲರಿಯಲ್ಲಿ ಅವೆರಡರ ನಡುವೆ ಇರುವುದು ಕೂದಲೆಳೆಯಷ್ಟು ವ್ಯತ್ಯಾಸ. ಸಕ್ಕರೆ ಕಾಯಿಲೆಯವರು ಬೆಲ್ಲ ನಡೆಯುತ್ತದೆ ಅಂದುಕೊಂಡು ಎರಡು ಕಪ್ ಹೆಚ್ಚು ಕುಡಿಯುವುದನ್ನು ನೋಡಿದರೆ ಫಲಕ ಬರೆದವನ ಮೇಲೆ ಸಿಟ್ಟು ಬರುತ್ತದೆ.

ಜೋಳದ ವಿಷಯದಲ್ಲೂ ಸ್ವಲ್ಪ ಕಟುವಾಗಿಯೇ ಹೇಳಬೇಕು. ರೊಟ್ಟಿ ತಿಂದರೆ ತೆಳ್ಳಗಾಗುತ್ತಾರೆ ಎಂಬ ಮಾತು ಈಗ ಪೇಟೆಯಲ್ಲಿ ಜೋರಾಗಿದೆ. 100 ಗ್ರಾಂ ಜೋಳಕ್ಕೆ ಸುಮಾರು 330 ಕ್ಯಾಲರಿ, ಗೋಧಿಹಿಟ್ಟಿಗೆ 320, ಅಕ್ಕಿಗೆ 355. ಹೀಗೆ ನೋಡಿದರೆ ಪವಾಡವೇನಿಲ್ಲ. ವ್ಯತ್ಯಾಸ ಇರುವುದು ನಾರಿನಲ್ಲಿ. ಜೋಳದಲ್ಲಿ ನೂರಕ್ಕೆ ಹತ್ತರಷ್ಟು ನಾರು, ಪಾಲಿಶ್ ಅಕ್ಕಿಯಲ್ಲಿ ಮೂರಕ್ಕೂ ಕಡಿಮೆ. ಇನ್ನೂ ದೊಡ್ಡ ವ್ಯತ್ಯಾಸ ರೊಟ್ಟಿಯ ಪಕ್ಕದಲ್ಲಿ ಕೂರುವವರಲ್ಲಿದೆ. ಅನ್ನವನ್ನು ಬರೀ ಸಾರಿನಲ್ಲಿ ಜಾರಿಸಬಹುದು. ರೊಟ್ಟಿ ಹಾಗೆ ಇಳಿಯುವುದಿಲ್ಲ. ಅದಕ್ಕೆ ಮಡಕಿಕಾಳಿನ ಉಸಳಿ ಬೇಕು, ಪುಂಡಿಪಲ್ಯ ಬೇಕು, ಝುಣಕ ಬೇಕು, ಅಗಸಿ ಹಿಂಡಿ, ಹಸಿ ಉಳ್ಳಾಗಡ್ಡಿ, ಮೆಂತ್ಯದ ಸೊಪ್ಪು, ಮೂಲಂಗಿ, ಕೊನೆಗೆ ಮಜ್ಜಿಗೆ ಬೇಕು. ಅಗಿಯಲು ಹೊತ್ತು ಬೇಕು, ಹೊತ್ತು ಹಿಡಿದಷ್ಟೂ ಹೊಟ್ಟೆ ತುಂಬಿದ ಸುದ್ದಿ ತಲೆಗೆ ಮುಟ್ಟುತ್ತದೆ. ನಮ್ಮ ತಾಟಿನಿಂದ ಹೋದದ್ದು ಜೋಳ ಒಂದೇ ಅಲ್ಲ, ಅದರ ಸುತ್ತಲಿನ ಈ ಬಳಗ. ಧಾಬಾದಲ್ಲಿ ‘ಭಾಕರಿ ಥಾಳಿ’ ಎಂದು ತರಿಸಿದರೆ ಎರಡು ರೊಟ್ಟಿಯ ಜೊತೆ ಬೆರಳುದ್ದ ಎಣ್ಣೆ ತೇಲುವ ಶೇವ್ ಭಾಜಿ ಬರುತ್ತದೆ. ಅದಕ್ಕೆ ಜೋಳ ಏನು ಮಾಡೀತು?

ದಿನಕ್ಕೆ ಬೇಕಾದ ಅಳತೆಯನ್ನು ಪೋಷಣಾ ಸಂಸ್ಥೆ ಹೀಗೆ ಕೊಡುತ್ತದೆ: 2000 ಕ್ಯಾಲರಿಯ ಊಟದಲ್ಲಿ ಧಾನ್ಯ 250 ಗ್ರಾಂ, ಕಾಳು-ಬೇಳೆ 85 ಗ್ರಾಂ, ತರಕಾರಿ-ಸೊಪ್ಪು 400 ಗ್ರಾಂ, ಹಣ್ಣು 100 ಗ್ರಾಂ. ಧಾನ್ಯ 250 ಎಂದರೆ ದೊಡ್ಡ ರೊಟ್ಟಿ ನಾಲ್ಕು, ಅದೂ ಅವಲಕ್ಕಿ, ಅನ್ನ, ಖಾರಿ ಏನೂ ಇಲ್ಲದಿದ್ದರೆ. ತರಕಾರಿ 400 ಗ್ರಾಂ ಎಂದರೆ ನಾಲ್ವರ ಮನೆಗೆ ದಿನಕ್ಕೆ ಒಂದೂವರೆ ಕಿಲೊಗೂ ಹೆಚ್ಚು. ದಾಳಿಂಬೆ, ಪೇರಲ ಬೆಳೆಯುವ ಇಂದಾಪುರದಲ್ಲಿ ಹಣ್ಣಿಗೆ ಬರವಿಲ್ಲ. ಇಡೀ ಹಣ್ಣು ಅಗಿದು ತಿನ್ನಬೇಕು, ಜ್ಯೂಸ್ ಮಾಡಿದರೆ ನಾರು ಹೋಗಿ ರಸವಂತಿಯ ಲೆಕ್ಕಕ್ಕೇ ಬಂತು. ಮಾಂಸ ತಿನ್ನುವವರಿಗೆ ಉಜನಿ ಹಿನ್ನೀರಿನ ಮೀನು ಇದೆ. ಭಿಗವಣದ ಪೇಟೆಯಲ್ಲಿ ಸಿಗುವ ಚಿಲಾಪಿ, ಕಟ್ಲಾ ಒಳ್ಳೆಯ ಪ್ರೋಟೀನು. ಹೆದ್ದಾರಿಯ ಹೋಟೆಲುಗಳು ಅದನ್ನು ಎಣ್ಣೆಯಲ್ಲಿ ಮುಳುಗಿಸಿ ಕೊಡುತ್ತವೆ, ಮನೆಯಲ್ಲಿ ಸಾರು ಮಾಡಿದರೆ ಚೆಲೋ.

ಆಷಾಢದಲ್ಲಿ ಇಂದಾಪುರಕ್ಕೆ ತುಕಾರಾಮರ ಪಾಲಖಿ ಬರುತ್ತದೆ. ತುಕಾರಾಮರ ಮಗ ನಾರಾಯಣ ಮಹಾರಾಜರು 1685ರಲ್ಲಿ ಶುರುಮಾಡಿದ ಈ ನಡಿಗೆ ದೇಹೂ ಬಿಟ್ಟು ಬಾರಾಮತಿ, ಸಣಸರ, ನಿಮಗಾಂವ ಕೇತಕಿ ಹಾಯ್ದು ಇಂದಾಪುರದಲ್ಲಿ ತಂಗಿ ಪಂಢರಾಪುರ ಸೇರುತ್ತದೆ. ಬೆಳವಾಡಿಯಲ್ಲಿ ಕುದುರೆ ಓಡುವ ರಿಂಗಣ. ನಮ್ಮ ವಿಠ್ಠಲ ಭಕ್ತರಿಗೂ ಗೊತ್ತಿರುವ ದಾರಿಯೇ. ದಿನಕ್ಕೆ ಹದಿನೈದಿಪ್ಪತ್ತು ಕಿಲೊಮೀಟರ್ ನಡೆಯುವ ವಾರಕರಿಗೆ ಊರವರು ಏನು ಬಡಿಸಿದರೂ ಕರಗುತ್ತದೆ. ಸಮಸ್ಯೆ ಇರುವುದು ನಡೆಯದೆ ಏಕಾದಶಿ ಮಾಡುವ ನಮ್ಮಂಥವರಲ್ಲಿ. ಸಾಬೂದಾಣಿ ಖಿಚಡಿ, ಬಟಾಟೆ ಚಿಪ್ಸು, ಶೇಂಗಾ ಉಂಡಿ, ರಾಜಗಿರಿ ಚಿಕ್ಕಿ. ಸಾಬೂದಾಣಿ ಎಂದರೆ ಮರಗೆಣಸಿನ ಬರೀ ಪಿಷ್ಟ, ನಾರಿಲ್ಲ, ಪ್ರೋಟೀನಿಲ್ಲ. ಅದಕ್ಕೆ ತುಪ್ಪ, ಬಟಾಟೆ, ಶೇಂಗಾಪುಡಿ ಸೇರಿದರೆ ಒಂದು ತಾಟು ನಾಲ್ಕು ರೊಟ್ಟಿಯ ಸಮ ನಿಲ್ಲುತ್ತದೆ. ‘ಏಕಾದಶಿ, ದುಪ್ಪಟ್ ಖಾಶಿ’, ಅಂದರೆ ಏಕಾದಶಿಗೆ ಎರಡು ಪಟ್ಟು ತಿನ್ನುತ್ತೀ ಎಂದು ಮರಾಠಿಗರೇ ತಮ್ಮನ್ನು ತಾವು ನಗೆಯಾಡಿಕೊಂಡಿದ್ದಾರೆ, ನಾವೇನು ಹೊಸದಾಗಿ ಹೇಳುವುದು.

ಉಪವಾಸದ ಇನ್ನೊಂದು ಅವತಾರ ದೀಕ್ಷಿತ್ ಡಯಟ್. ನಾಗಪುರದ ಡಾ. ಶ್ರೀಕಾಂತ ಜಿಚಕಾರ ಹೇಳಿದ್ದನ್ನು ಡಾ. ಜಗನ್ನಾಥ ದೀಕ್ಷಿತ್ ಊರೂರಿಗೆ ಒಯ್ದರು. ದಿನಕ್ಕೆ ಎರಡೇ ಊಟ, ಪ್ರತಿಯೊಂದೂ 55 ನಿಮಿಷದೊಳಗೆ ಮುಗಿಯಬೇಕು, ನಡುವೆ ನೀರು, ತೆಳು ಮಜ್ಜಿಗೆ, ಸಕ್ಕರೆಯಿಲ್ಲದ ಚಹಾ ಬಿಟ್ಟು ಏನೂ ಇಲ್ಲ, ಜೊತೆಗೆ 45 ನಿಮಿಷದಲ್ಲಿ ನಾಲ್ಕೂವರೆ ಕಿಲೊಮೀಟರ್ ನಡಿಗೆ. ಮಹಾರಾಷ್ಟ್ರದ ಮನೆಮನೆಯಲ್ಲಿ ಇದರ ವಾದವಿದೆ, ಗಡಿ ದಾಟಿ ಬೆಳಗಾವಿ, ವಿಜಯಪುರಕ್ಕೂ ಬಂದಿದೆ. ಪ್ರತಿ ಬಾರಿ ತಿಂದಾಗಲೂ ಇನ್ಸುಲಿನ್ ಏರುತ್ತದೆ, ಅದನ್ನು ಎರಡೇ ಸಲಕ್ಕೆ ಇಳಿಸಿ ಎಂಬುದು ತರ್ಕ. ಹೊತ್ತು ನೋಡಿ ಉಣ್ಣುವ ಪದ್ಧತಿಗಳನ್ನೂ, ಸುಮ್ಮನೆ ಅಳತೆ ಇಳಿಸುವ ಪದ್ಧತಿಯನ್ನೂ ಹೋಲಿಸಿದ ಪ್ರಯೋಗಗಳಲ್ಲಿ ಎರಡರಿಂದಲೂ ತೂಕ ಇಳಿದದ್ದು ಹೆಚ್ಚುಕಡಿಮೆ ಒಂದೇ. ನನಗನ್ನಿಸುವುದು, ಎರಡು ಊಟದ ನಿಯಮದಿಂದ ಆಗುವ ದೊಡ್ಡ ಲಾಭ ಆ ಐದು ಚಹಾ, ಖಾರಿ, ವಡಾಪಾವ್ ನಿಲ್ಲುವುದು. ಒಗ್ಗಿದವರು ಮಾಡಲಿ. ಬಸುರಿಯರು, ಮಕ್ಕಳು ಮಾಡಕೂಡದು. ಇನ್ಸುಲಿನ್ ಚುಚ್ಚಿಕೊಳ್ಳುವವರು, ಸಕ್ಕರೆ ಇಳಿಸುವ ಗುಳಿಗೆ ನುಂಗುವವರು ವೈದ್ಯರನ್ನು ಕೇಳದೆ ಊಟ ಬಿಟ್ಟರೆ ಸಕ್ಕರೆ ಒಮ್ಮೆಲೇ ಇಳಿದು ತಲೆ ತಿರುಗಿ ಬೀಳುತ್ತಾರೆ. 2025ರಿಂದ ನಮ್ಮಲ್ಲೂ ಸಿಗುವ ಮೌಂಜಾರೊ, ವೆಗೊವಿ ಚುಚ್ಚುಮದ್ದಿಗೂ ಇದೇ ಮಾತು. ಕೆಲವರಿಗೆ ಅದು ಬೇಕು, ವೈದ್ಯರ ಕಣ್ಗಾವಲಿನಲ್ಲಿ ಬೇಕು.

ತೂಕ ಇಳಿಯಲಿಲ್ಲ ಅಂದು ಒಂದು ತಿಂಗಳಿಗೇ ಕೈಚೆಲ್ಲುವವರಿಗೆ ಚೆನ್ನೈನ ಒಂದು ಅಧ್ಯಯನ ಹೇಳಬೇಕು. ಡಾ. ಎ. ರಾಮಚಂದ್ರನ್ ಅವರ ತಂಡ ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿದ್ದ 531 ಜನರನ್ನು ತೆಗೆದುಕೊಂಡು, ಕೆಲವರಿಗೆ ಊಟ ಮತ್ತು ನಡಿಗೆ ಬದಲಿಸಿ ಎಂದಿತು. 2006ರಲ್ಲಿ ಬಂದ ಫಲಿತಾಂಶದಲ್ಲಿ ಕಾಯಿಲೆಗೆ ಜಾರುವ ಸಾಧ್ಯತೆ ಅವರಲ್ಲಿ ನೂರಕ್ಕೆ 28.5ರಷ್ಟು ಕಡಿಮೆಯಾಗಿತ್ತು. ಅವರ ತೂಕ ಮಾತ್ರ ಹೇಳಿಕೊಳ್ಳುವಷ್ಟು ಇಳಿದೇ ಇರಲಿಲ್ಲ. ತಕ್ಕಡಿಯ ಮುಳ್ಳು ಅಲುಗದಿದ್ದರೂ ಒಳಗೆ ಕೆಲಸ ಆಗುತ್ತಿರುತ್ತದೆ. ಮಾಡಬೇಕಾದದ್ದು ವಾರಕ್ಕೆ 150 ನಿಮಿಷ ಬಿರುಸಿನ ನಡಿಗೆ, ಎರಡು ದಿನ ಭಾರ ಎತ್ತುವ ಕೆಲಸ. ಸ್ನಾಯು ಕಡಿಮೆ ಪಡೆದು ಹುಟ್ಟಿದವರಿಗೆ ಈ ಎರಡನೆಯದು ಹೆಚ್ಚು ಬೇಕು. ನೀರು ತುಂಬಿದ ಕೊಡ ಎತ್ತಿದರೂ ನಡೆಯುತ್ತದೆ, ಜಿಮ್ಮೇ ಆಗಬೇಕೆಂದಿಲ್ಲ.

ಇಂದಾಪುರ ತಾಲ್ಲೂಕಿಗೆ ಸುಗ್ಗಿಯಲ್ಲಿ ಬೀಡ್ ಕಡೆಯಿಂದ ಕಬ್ಬು ಕಡಿಯುವವರು ಬರುತ್ತಾರೆ. ಅಂಥ ಕೆಲಸಕ್ಕೆ ನಮ್ಮ ವಿಜಯಪುರ, ಕಲಬುರಗಿಯ ತಾಂಡಾಗಳಿಂದಲೂ ಮಹಾರಾಷ್ಟ್ರಕ್ಕೆ ಜನ ಹೋಗುತ್ತಾರೆ. ಗಂಡಹೆಂಡತಿ ಸೇರಿದರೆ ಒಂದು ‘ಕೊಯ್ತಾ’ ಎಂದು ಲೆಕ್ಕ. ನಸುಕಿಗೇ ಕಟ್ಟಿಕೊಂಡ ರೊಟ್ಟಿ, ಖಾರ, ದಿನವಿಡೀ ಕತ್ತಿ. ಮೇಲೆ ಬರೆದ ಯಾವ ಬುದ್ಧಿಮಾತೂ ಇವರಿಗಲ್ಲ, ಇವರಿಗೆ ಬೇಕಾದದ್ದು ಇನ್ನಷ್ಟು ಊಟ. ಆದರೆ ಬಸುರಿಯಾಗಿದ್ದೂ ಕಬ್ಬು ಕಡಿದ ಆ ತಾಯಿಯ ಮಗ ನಾಳೆ ಓದಿ ಪುಣೆಯ ಕಂಪನಿಯಲ್ಲಿ ಕುರ್ಚಿ ಹಿಡಿದರೆ, ಯಾಜ್ಞಿಕ್ ಹೇಳುವ ಅಪಾಯಕ್ಕೆ ಎಲ್ಲರಿಗಿಂತ ಹತ್ತಿರ ಇರುವವನು ಅವನೇ. ಅದೇ ಆರು ಹಳ್ಳಿಗಳ ಅಧ್ಯಯನದಲ್ಲಿ ಬಸುರಿಯಿದ್ದಾಗ ಹಸಿರು ಸೊಪ್ಪು, ಹಣ್ಣು, ಹಾಲು ಹೆಚ್ಚು ತಿಂದವರ ಕೂಸುಗಳು ದೊಡ್ಡವಾಗಿ ಹುಟ್ಟಿದ್ದವು. ಬೊಜ್ಜಿನ ಕಾಳಜಿ ಬಸುರಿಯ ತಾಟಿನಿಂದ ಶುರುವಾಗಬೇಕು ಎಂದರೆ ಜಿಮ್ಮಿನ ಜಾಹೀರಾತಿನವರು ನಕ್ಕಾರು.

ಹೆಣ್ಣುಮಕ್ಕಳ ಸಂಗತಿ ಇನ್ನೂ ತೊಡಕಿನದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ ನೂರು ಮಹಿಳೆಯರಲ್ಲಿ 57 ಮಂದಿಗೆ ರಕ್ತಹೀನತೆ. ಅದೇ ಸಮೀಕ್ಷೆಯಲ್ಲಿ ಸೊಂಟ-ನಿತಂಬದ ಅನುಪಾತ ಮಿತಿ ಮೀರಿದವರೂ ನೂರಕ್ಕೆ ಸುಮಾರು 57. ಒಂದೇ ಮೈಯಲ್ಲಿ ಕೊರತೆಯೂ ಇದೆ, ಬೊಜ್ಜೂ ಇದೆ. ಎಲ್ಲರೂ ಉಂಡ ಮೇಲೆ ಪಲ್ಯದ ಪಾತ್ರೆ ಖಾಲಿ, ಉಳಿದದ್ದು ಅನ್ನ. ಚೆಲ್ಲಬಾರದೆಂದು ಮನೆಯಾಕೆ ಅದನ್ನೇ ಉಪ್ಪಿನಕಾಯಿಯ ಜೊತೆ ತಿಂದು ಏಳುತ್ತಾಳೆ. ಬೆಳಿಗ್ಗೆ ನಡೆಯಲು ಹೋಗಿರಿ ಎಂದರೆ ಹಳ್ಳಿಯಲ್ಲಿ ಆಕೆ ಹೋಗಬೇಕಾದದ್ದು ಟ್ರ್ಯಾಕ್ಟರ್ ಓಡುವ ರಸ್ತೆಯ ಅಂಚಿಗೆ, ಕಟ್ಟೆಯ ಮೇಲೆ ಕೂತವರ ಕಣ್ಣಮುಂದೆ. ಮಹಾರಾಷ್ಟ್ರದವರನ್ನು ನೋಡಿ ನಾವು ನಗುವಂತಿಲ್ಲ. ಅದೇ ಸಮೀಕ್ಷೆಯ ಪ್ರಕಾರ ಅಲ್ಲಿ ತೂಕ ಹೆಚ್ಚಿರುವ ಮಹಿಳೆಯರು ನೂರಕ್ಕೆ 23ರ ಮೇಲೆ, ಕರ್ನಾಟಕದಲ್ಲಿ 30. ಗಂಡಸರಲ್ಲೂ ನಾವೇ ಮುಂದು.

ಸರ್ಕಾರದ ಕಡೆಯಿಂದ ಒಂದು ಒಳ್ಳೆಯ ಏರ್ಪಾಡು ಇದೆ. ಮೂವತ್ತು ದಾಟಿದವರ ಮನೆಗೆ ಆಶಾ ಕಾರ್ಯಕರ್ತೆ ಒಂದು ನಮೂನೆ ಹಿಡಿದು ಬರಬೇಕು. ವಯಸ್ಸು, ತಂಬಾಕು, ನಡಿಗೆ, ಮನೆತನದ ಕಾಯಿಲೆ, ಜೊತೆಗೆ ಸೊಂಟದ ಅಳತೆ. ಅಂಕ ನಾಲ್ಕು ದಾಟಿದವರನ್ನು ಮೊದಲು ರಕ್ತ ಪರೀಕ್ಷೆಗೆ ಆರೋಗ್ಯ ಕೇಂದ್ರಕ್ಕೆ ಕಳಿಸುತ್ತಾರೆ, ಹಣ ಕೊಡಬೇಕಿಲ್ಲ. ಆಕೆ ಬರುವ ಹೊತ್ತಿಗೆ ಗಂಡಸರು ತೋಟದಲ್ಲೋ ಕಾರ್ಖಾನೆಯ ಗೇಟಿನಲ್ಲೋ ಇರುತ್ತಾರೆ. ಇದ್ದರೂ ಪರ ಹೆಣ್ಣುಮಗಳ ಎದುರು ಅಂಗಿ ಎತ್ತಲು ನಾಚಿಕೆ. ಮುಂದಿನ ಸಲ ‘ಬರಕೋ ತಂಗಿ, 34’ ಎನ್ನುವ ಬದಲು ಟೇಪನ್ನು ಹೆಂಡತಿಯ ಕೈಗೆ ಕೊಟ್ಟು ಒಳಕೋಣೆಗೆ ಹೋಗಿ ಅಳೆಸಿಕೊಂಡು ಬಂದು, ಬಂದ ಅಂಕಿಯನ್ನೇ ಹೇಳಿ.